ನಿದ್ದೆ ಸಾಕಷ್ಟು ಆಗುತ್ತಿದೆ, ದಣಿವು ಮಾತ್ರ ಹೋಗುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಕಕ್ಕಬ್ಬೆ ಮನೆ
ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ಜೊತೆಗೆ ಒಂದು ಹೋಂಸ್ಟೇ. ತೋಟ ಗಂಡ ನೋಡಿಕೊಳ್ಳುತ್ತಾರೆ, ಹೋಂಸ್ಟೇ ನನ್ನ ತಲೆ ಮೇಲೆ. ರಾತ್ರಿ ಹತ್ತೂವರೆಗೆ ಮಲಗಿದರೆ ಬೆಳಿಗ್ಗೆ ಆರರವರೆಗೆ ಎಚ್ಚರವೇ ಆಗುವುದಿಲ್ಲ. ಆದರೂ ಏಳುವಾಗಲೇ ಸುಸ್ತು. ಮೈಕೈ ನೋವು ಅಂತೇನೂ ಇಲ್ಲ. ತಲೆ ಭಾರ, ಯಾರಾದರೂ ಮಾತಾಡಿಸಿದರೆ ಕಿರಿಕಿರಿ, ಮಕ್ಕಳ ಮೇಲೆ ಸುಮ್ನೆ ರೇಗುವುದು.

ಮನೆಯಲ್ಲಿ ಎಲ್ಲರೂ "ಇನ್ನೂ ಸ್ವಲ್ಪ ಮಲಗು" ಅನ್ನುತ್ತಾರೆ. ಭಾನುವಾರ ಅತಿಥಿಗಳು ಹೊರಟ ಮೇಲೆ ಮಧ್ಯಾಹ್ನವೂ ಮಲಗಿ ನೋಡಿದೆ. ಎದ್ದಾಗ ಇನ್ನಷ್ಟು ಮಂಕು. ಅಮೆರಿಕದ ವೈದ್ಯೆಯೊಬ್ಬರು ವಿಶ್ರಾಂತಿಯನ್ನು ಏಳು ಬಗೆ ಮಾಡಿದ್ದಾರೆ ಅಂತ ಓದಿದೆ. ದೇಹದ್ದು, ಬುದ್ಧಿಯದ್ದು, ಕಣ್ಣು ಕಿವಿಯದ್ದು, ಭಾವನೆಯದ್ದು, ಜನರ ಒಡನಾಟದ್ದು, ಸೃಜನಶೀಲತೆಯದ್ದು, ಅಧ್ಯಾತ್ಮದ್ದು. ಅದರಲ್ಲಿ ನಿದ್ದೆ ಬರೀ ಮೊದಲನೆಯದರ ಒಂದು ಭಾಗವಂತೆ. ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದಾ? ನಮ್ಮ ಕಡೆಯ ಬದುಕಿಗೆ ಹೊಂದುವ ಹಾಗೆ ಯಾರಾದರೂ ಮಾಡಿದ್ದೀರಾ? "ಯೋಗ ಮಾಡಿ" ಅಂತ ಒಂದೇ ಸಾಲು ಬರೆದು ಹೋಗಬೇಡಿ ದಯವಿಟ್ಟು.

ಶನಿವಾರಸಂತೆ
ನಮ್ಮ ಮನೆಯಲ್ಲೂ ಇದೇ ಕಥೆ. ಉತ್ತರಗಳಿಗೆ ಕಾಯುತ್ತಿದ್ದೇನೆ.

ನೈಟ್‌ಡ್ಯೂಟಿ ಸಿಸ್ಟರ್
ಅಕ್ಕ, ಏಳು ಬಗೆ ಎಲ್ಲ ಆಮೇಲೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್. ಸರಿಯಾಗಿ ಮಲಗಿಯೂ ದಣಿವು ಹೋಗದಿದ್ದರೆ ಹೆಂಗಸರಲ್ಲಿ ಮೊದಲು ನೋಡಬೇಕಾದ್ದು ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಸರಿ ಇದೆಯಾ ಅಂತ. ಗೊರಕೆ ಜೋರಾಗಿದೆಯಾ ಅಂತಲೂ ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಉಸಿರು ಆಗಾಗ ಕಟ್ಟುವ ತೊಂದರೆ ಇದ್ದರೆ, ಎಂಟು ಗಂಟೆ ಮಲಗಿದರೂ ಮಿದುಳಿಗೆ ನಿದ್ದೆ ಸಿಕ್ಕಿರುವುದಿಲ್ಲ. ಮಲಗಿದವರಿಗೆ ಅದು ಗೊತ್ತಾಗುವುದೂ ಕಡಿಮೆ. ಎಚ್ಚರವೇ ಆಗುವುದಿಲ್ಲ ಅಂದಿರಲ್ಲ, ಅದಕ್ಕೇ ಕೇಳಿದೆ.

ಅದೆಲ್ಲ ಸರಿ ಇದ್ದರೆ ನಿಮ್ಮ ಪ್ರಶ್ನೆಗೆ ಬರೋಣ. ನಮ್ಮ ಕೆಲಸದಲ್ಲಿ ಕಾಲು ನೋವು ಒಂದು ದಣಿವು. ರಾತ್ರಿಯೆಲ್ಲ ಮಾನಿಟರ್‌ಗಳ ಸದ್ದು ಕೇಳಿಸಿಕೊಳ್ಳುವುದು ಇನ್ನೊಂದು. ರೋಗಿಯ ಮನೆಯವರು ಅಳುವಾಗ ನಾವು ಗಟ್ಟಿಯಾಗಿ ನಿಲ್ಲುವುದು ಮತ್ತೊಂದು. ಮಲಗಿದರೆ ಕಾಲು ನೋವು ಇಳಿಯುತ್ತದೆ. ಉಳಿದ ಎರಡಕ್ಕೂ ನಿದ್ದೆಯನ್ನೇ ಕೊಡುವುದು ಹಸಿದವರಿಗೆ ಹೊದಿಕೆ ಕೊಟ್ಟ ಹಾಗೆ. ನಾನು ಡ್ಯೂಟಿ ಮುಗಿಸಿ ಬಂದ ಮೇಲೆ ಸ್ವಲ್ಪ ಹೊತ್ತು ಟಿವಿ ಇಲ್ಲ, ಫೋನ್ ಇಲ್ಲ, ಮಾತೂ ಇಲ್ಲ. ಆಮೇಲೆ ನಿದ್ದೆ. ಮನೆಯವರಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸವಾಗಿತ್ತು.

ಗೋಣಿಕೊಪ್ಪ ಮೇಷ್ಟ್ರು
ಸಿಸ್ಟರ್ ಹೇಳಿದ್ದು ಸರಿ. ನನ್ನ ಪ್ರಕಾರ ಏಳು, ಎಂಟು ಅನ್ನುವ ಲೆಕ್ಕ ಮುಖ್ಯವಲ್ಲ. ಯಾವುದು ದಣಿದಿದೆಯೋ ಅದಕ್ಕೆ ಬಿಡುವು ಬೇಕು, ಅಷ್ಟೇ. ದಿನವಿಡೀ ಮಾತಾಡುವವರಿಗೆ ಮೌನ, ಕುಳಿತು ಕೆಲಸ ಮಾಡುವವರಿಗೆ ನಡಿಗೆ, ಒಬ್ಬರೇ ಇರುವವರಿಗೆ ಜನ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ಯಾರ ಜೊತೆಗೂ ಮಾತು ಬೇಡ ಅನಿಸುತ್ತಿತ್ತು. ನಿವೃತ್ತನಾದ ಮೇಲೆ ಮಾತಾಡುವವರು ಸಿಕ್ಕರೇ ವಿಶ್ರಾಂತಿ.

ನಮ್ಮ ಹಿರಿಯರು ಇದನ್ನು ವರ್ಷದ ಲೆಕ್ಕದಲ್ಲೇ ಇಟ್ಟಿದ್ದರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗದ್ದೆಗಿಳಿದು ನಾಟಿ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಕತ್ತಿ, ಕೋವಿ, ನೊಗ, ನೇಗಿಲು ಎಲ್ಲ ತೊಳೆದು, ತೋಕ್‌ಪೂ ಅನ್ನುವ ಹೂ ಇಟ್ಟು ಪೂಜೆ. ಎತ್ತಿಗೂ ಬಿಡುವು, ಆಳಿಗೂ ಬಿಡುವು. ಕೆಲಸದ ವಸ್ತುವನ್ನೇ ಕೈಯಿಂದ ಕೆಳಗಿಡಿಸುವ ಹಬ್ಬ ಅದು. ಈಗ ಹಬ್ಬದ ದಿನವೂ ಫೋನ್ ಕೈಯಲ್ಲೇ ಇರುತ್ತದೆ. ನಮ್ಮ ಈಗಿನ ಆಯುಧ ಅದೇ ಅಲ್ವಾ? ಅದನ್ನೂ ಪೂಜೆಗೆ ಇಟ್ಟು ಒಂದು ದಿನ ಮುಟ್ಟದೆ ಇರಬಹುದು.

ನಾಪೋಕ್ಲು ಅಕ್ಕ
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕೈಲ್‌ಪೊಳ್ದ್ ದಿನ ಕತ್ತಿಗೆ, ಕೋವಿಗೆ, ಎತ್ತಿಗೆ ರಜೆ. ಒಲೆಗೆ ಯಾರು ರಜೆ ಕೊಟ್ಟರು? ಕಡಂಬುಟ್ಟು (ಅಕ್ಕಿ ಉಂಡೆ) ಕಟ್ಟುವುದು, ಪಂದಿ ಕರಿ ಹುರಿಯುವುದು, ಬಂದವರಿಗೆ ಬಡಿಸುವುದು, ಪಾತ್ರೆ ತೊಳೆಯುವುದು, ಎಲ್ಲ ಯಾರ ಕೈಯಲ್ಲಿ? ಹಬ್ಬದ ಮಾರನೇ ದಿನ ನಮ್ಮ ಅವ್ವ ಸೊಂಟ ಹಿಡಿದುಕೊಂಡು ಕೂರುತ್ತಿದ್ದರು. ಹಬ್ಬ ಬೇಡ ಅಂತಲ್ಲ, ನನಗೂ ಕೈಲ್‌ಪೊಳ್ದ್ ಅಂದರೆ ಪ್ರಾಣ. ಆದರೆ ಹಿರಿಯರು ಎಲ್ಲರಿಗೂ ವಿಶ್ರಾಂತಿ ಕೊಟ್ಟಿದ್ದರು ಅನ್ನುವ ಮಾತು ಅರ್ಧ ಮನೆಗೆ ಮಾತ್ರ ನಿಜ.

ಕಕ್ಕಬ್ಬೆಯವರೇ, ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ನಾನೂ ಕೆಲವು ಕಾಲ ಹೋಂಸ್ಟೇ ನಡೆಸಿದವಳು. ಅಡುಗೆ, ಹಾಸಿಗೆ ಬಟ್ಟೆ ಒಗೆಯುವುದು ಇವುಗಳಿಂದ ಅಷ್ಟು ಸುಸ್ತಾಗುವುದಿಲ್ಲ. ಮನಸ್ಸು ಹೇಗಿದ್ದರೂ ನಗುತ್ತಾ ಇರಬೇಕಲ್ಲ, ಅದು ಹಿಂಡಿ ಹಾಕುತ್ತದೆ. "ನೆಟ್‌ವರ್ಕ್ ಯಾಕಿಲ್ಲ, ಬಿಸಿನೀರು ಯಾಕೆ ತಡ, ಜಿಗಣೆ ಯಾಕೆ ಇಷ್ಟು" ಅಂತ ಕೇಳಿದ್ದಕ್ಕೆಲ್ಲ ಮೃದುವಾಗಿ ಉತ್ತರ ಕೊಡಬೇಕು. ಅದೂ ನಿಮ್ಮದೇ ಮನೆಯೊಳಗೆ. ಆಫೀಸಿನವರಾದರೆ ಮನೆಗೆ ಬಂದು ಮುಖ ಸಡಿಲ ಬಿಡಬಹುದು. ನಿಮಗೆ ಮನೆಯೇ ಆಫೀಸು.

ಕಕ್ಕಬ್ಬೆ ಮನೆ
ಅಕ್ಕಯ್ಯ, ನೀವು ಬರೆದದ್ದು ಓದಿ ಕಣ್ಣು ತುಂಬಿತು. ನನ್ನ ದಣಿವು ಇದೇ. ಅತಿಥಿಗಳು ಒಳ್ಳೆಯವರೇ, ಹೆಚ್ಚಿನವರು ತುಂಬಾ ಮರ್ಯಾದೆಯಿಂದ ಇರುತ್ತಾರೆ. ಆದರೂ ಅವರು ಇರುವಷ್ಟು ಹೊತ್ತು ನಾನು ನಾನಾಗಿರುವುದಿಲ್ಲ.

ವಿರಾಜಪೇಟೆ ಟೆಕ್ಕಿ
ಮೇಷ್ಟ್ರ ಫೋನ್ ಮಾತಿಗೆ ನನ್ನ ಓಟು. ಬೆಂಗಳೂರು ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ರಿಲ್ಯಾಕ್ಸ್ ಆಗಲು ರೀಲ್ಸ್ ನೋಡುವುದು ಅಂದರೆ, ದಣಿದ ಕಣ್ಣಿಗೆ ಅದೇ ಕೆಲಸ ಮತ್ತೆ ಕೊಟ್ಟಂತೆ. ಕಣ್ಣಿನ ಡಾಕ್ಟರ್‌ಗಳು ಹೇಳುವ 20-20-20 ಪಾಲಿಸಿ: ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡುವುದು. ಕಿಟಕಿಯಾಚೆ ಸಿಲ್ವರ್ ಓಕ್ ಇರುವಾಗ ಇದಕ್ಕೆ ಖರ್ಚೇನಿದೆ?

ಇನ್ನೊಂದು, ಮಲಗುವ ಮುಂಚೆ ನಾಳೆಯ ಕೆಲಸಗಳನ್ನು ಕಾಗದದಲ್ಲಿ ಬರೆದಿಡಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಮುಗಿದ ಕೆಲಸ ಬರೆದವರಿಗಿಂತ, ಮುಂದೆ ಮಾಡಬೇಕಾದ್ದನ್ನು ಐದು ನಿಮಿಷ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು.

ರೋಬಸ್ಟಾ ರೈತ
ಯಾರೂ ಕಾಫಿ ಬಗ್ಗೆ ಕೇಳಲಿಲ್ಲ. ಅಕ್ಕ, ಸಂಜೆ ಎಷ್ಟು ಹೊತ್ತಿಗೆ ಕೊನೆಯ ಕಾಫಿ?

ಕಕ್ಕಬ್ಬೆ ಮನೆ
ಏಳು ಗಂಟೆಗೆ ಅತಿಥಿಗಳ ಜೊತೆ ಒಂದು ಲೋಟ. ಬೆಲ್ಲದ ಕಾಫಿ. ನಮ್ಮದೇ ತೋಟದ ರೋಬಸ್ಟಾ.

ರೋಬಸ್ಟಾ ರೈತ
ಅಲ್ಲೇ ಇದೆ ನೋಡಿ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಏಳಕ್ಕೆ ಕುಡಿದರೆ ನಡುರಾತ್ರಿಯಲ್ಲೂ ಅರ್ಧ ಉಳಿದಿರುತ್ತದೆ. ನಿದ್ದೆ ಬಂದರೂ ಆಳ ಕಡಿಮೆಯಾಗುತ್ತದೆ. ನಾನು ಬೆಳೆಯುವುದೂ ಅದನ್ನೇ, ಮಾರುವುದೂ ಅದನ್ನೇ. ಆದರೂ ಮಧ್ಯಾಹ್ನದ ಊಟದ ಮೇಲೆ ಕುಡಿಯುವುದಿಲ್ಲ.

ಶನಿವಾರಸಂತೆ
ಚಿಕೋರಿ ಬೆರೆಸಿದರೆ?

ರೋಬಸ್ಟಾ ರೈತ
ಚಿಕೋರಿಯಲ್ಲಿ ಕೆಫೀನ್ ಇಲ್ಲ. ಬೆರೆಸಿದಷ್ಟು ಕಡಿಮೆಯಾಗುತ್ತದೆ. ರುಚಿಯ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರುತ್ತೇನೆ.

ಸಂಪಾಜೆ ಘಾಟಿ
ನಾನು ಬಸ್ ಡ್ರೈವರ್. ಮಡಿಕೇರಿಯಿಂದ ಮಂಗಳೂರು ಕಡೆಗೆ ಘಾಟಿ ಇಳಿಯುವ ರೂಟು. ಇಡೀ ದಿನ ಕೂತೇ ಇರುತ್ತೇನೆ, "ನಿನಗೇನು ಸುಸ್ತು" ಅಂತ ಕೇಳುವವರಿದ್ದಾರೆ. ಮಂಜಿನಲ್ಲಿ ತಿರುವು ತಿರುವಿಗೂ ಕಣ್ಣು ಅಗಲಿಸಿಕೊಂಡು ನೋಡುವವನಿಗೆ ಗೊತ್ತು ಸುಸ್ತು ಏನು ಅಂತ. ಮನೆಗೆ ಬಂದರೆ ಕೂರಲು ಆಗುವುದಿಲ್ಲ, ಮಲಗಿದರೆ ಕಣ್ಣೊಳಗೆ ರಸ್ತೆ ಓಡುತ್ತಿರುತ್ತದೆ. ಕತ್ತಿ ಹಿಡಿದು ತೋಟದೊಳಗೆ ಹೋಗಿ ಕಾಫಿ ಗಿಡದ ಕಂಬ ಚಿಗುರು ತೆಗೆಯುತ್ತೇನೆ. ಅವಸರ ಇಲ್ಲ, ಹಿಂದಿನಿಂದ ಹಾರ್ನ್ ಇಲ್ಲ. ಮೇಷ್ಟ್ರು ಹೇಳಿದ ಹಾಗೆ, ನನಗೆ ಮೈ ಬಗ್ಗಿಸುವುದೇ ವಿಶ್ರಾಂತಿ.

ಲೈನ್‌ಮನೆ ಹುಡುಗ
ಎಲ್ಲರೂ ಓದಿದವರು ಮಾತಾಡುತ್ತಿದ್ದೀರಿ, ನನ್ನದೂ ಒಂದು ಇರಲಿ.

ಡ್ರೈವರ್ ಅಣ್ಣ, ನಿಮಗೆ ಚಿಗುರು ತೆಗೆಯುವುದು ವಿಶ್ರಾಂತಿ. ನನ್ನ ಅಮ್ಮನಿಗೆ ಅದು ಕೂಲಿ. ಸಿದ್ದಾಪುರ ಕಡೆಯ ತೋಟವೊಂದರ ಲೈನ್‌ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ನಾನು ಬೆಳೆದದ್ದು. ಕೊಯ್ಲಿನ ಕಾಲದಲ್ಲಿ ಅಮ್ಮ ಬೆಳಿಗ್ಗೆ ಹೋದರೆ ಸಂಜೆ ಹಣ್ಣು ಅಳೆದು, ಮೂಟೆ ಹೊತ್ತು ಹಾಕಿ ಬರಬೇಕು. ಬಂದ ಮೇಲೆ ಸೌದೆ, ನೀರು, ಅಡುಗೆ. ಒಂದೇ ಕೋಣೆ, ಪಕ್ಕದ ಮನೆಯ ಟಿವಿ ಗೋಡೆಯಾಚೆಯಿಂದ ಕೇಳುತ್ತದೆ. ರಾತ್ರಿ ಆನೆ ಬಂತು ಅಂದರೆ ಎಲ್ಲರೂ ಎದ್ದು ಕೂರಬೇಕು. ಅವಳಿಗೆ ಸೃಜನಶೀಲ ವಿಶ್ರಾಂತಿ, ಇಂದ್ರಿಯ ವಿಶ್ರಾಂತಿ ಅಂತ ಹೇಳಿದರೆ ಏನು ಉತ್ತರ ಕೊಡುತ್ತಾಳೆ? ಅವಳಿಗೆ ಬೇಕಿರುವುದು ಕಾನೂನಿನಲ್ಲಿ ಬರೆದ ವಿಶ್ರಾಂತಿ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು, ವಾರಕ್ಕೊಂದು ರಜೆ. ವಿಶ್ರಾಂತಿಯ ಮಾತು ಅಲ್ಲಿಂದ ಶುರುವಾಗಲಿ.

ವಿರಾಜಪೇಟೆ ಟೆಕ್ಕಿ
ಒಪ್ಪುತ್ತೇನೆ. ಆದರೆ ಅಕ್ಕ ಕೇಳಿದ್ದು ಅವರ ಸಮಸ್ಯೆ. ಅದನ್ನು ಬಿಟ್ಟು ಕಾರ್ಮಿಕ ಕಾನೂನಿಗೆ ಹೋದರೆ ಚರ್ಚೆ ಎಲ್ಲಿಗೋ ಹೋಗುತ್ತದೆ.

ನೈಟ್‌ಡ್ಯೂಟಿ ಸಿಸ್ಟರ್
ಎಲ್ಲಿಗೂ ಹೋಗುವುದಿಲ್ಲ. ಅವರು ಹೇಳಿದ್ದೇ ಮುಖ್ಯ. ನಮ್ಮಲ್ಲಿ ಬರುವ ತೋಟದ ಹೆಂಗಸರಿಗೆ ರಕ್ತ ಕಡಿಮೆ, ಸೊಂಟ ನೋವು, ನಿದ್ದೆಯೂ ಇಲ್ಲ. ಅವರಿಗೆ ದೇಹದ ವಿಶ್ರಾಂತಿಯೇ ಸಿಕ್ಕಿಲ್ಲ. ಆದರೆ ತಮ್ಮ, ನಿಮ್ಮ ಅಮ್ಮನಿಗೆ ಉಳಿದದ್ದು ಬೇಡ ಅಂತಲೂ ಅಲ್ಲ ಅಲ್ವಾ? ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಹೆಂಗಸರು ಮಾತಾಡುತ್ತಾರಲ್ಲ, ಆ ಹೊತ್ತಿನಲ್ಲಿ ಅವರ ಮುಖ ನೋಡಿ.

ಲೈನ್‌ಮನೆ ಹುಡುಗ
ಅದು ನಿಜ ಸಿಸ್ಟರ್. ಅಮ್ಮ ಮನೆಯಲ್ಲಿ ನಗುವುದಕ್ಕಿಂತ ಅಲ್ಲಿ ಜಾಸ್ತಿ ನಗುತ್ತಾಳೆ. ಅದಕ್ಕೇ ಆ ಅರ್ಧ ಗಂಟೆಯನ್ನು ಯಾರೂ ಕಡಿತ ಮಾಡಬಾರದು ಅಂತ ನಾನು ಹೇಳುವುದು.

ರೋಬಸ್ಟಾ ರೈತ
ತಮ್ಮ, ತೋಟದ ಮಾಲೀಕನಾಗಿ ಹೇಳುತ್ತೇನೆ, ನಿನ್ನ ಮಾತು ನ್ಯಾಯ. ಕೊಯ್ಲಿನ ಒತ್ತಡದಲ್ಲಿ ಎಲ್ಲರೂ ಮೊದಲು ಕತ್ತರಿ ಹಾಕುವುದು ಈ ಬಿಡುವಿಗೇ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ ಹಣ್ಣು ಇಳಿಸಬೇಕು ಅನ್ನುವ ಹೆದರಿಕೆ ನಮ್ಮದು. ಆ ಹೆದರಿಕೆಯ ಭಾರ ಅವರ ಬೆನ್ನಿಗೆ ಬೀಳಬಾರದು.

ಹಟ್ಟಿಹೊಳೆ
ಮಳೆ ಸದ್ದು ಕೇಳುತ್ತಾ ಮಲಗಿದರೆ ಎಲ್ಲ ದಣಿವು ಹೋಗುತ್ತದೆ ಅಂತ ಟೂರಿಸ್ಟ್‌ಗಳು ಬರೆಯುತ್ತಾರೆ. ಇಲ್ಲಿ ಯಾರೂ ಹಾಗೆ ಬರೆಯಲಿಲ್ಲ, ಬರೆಯುವ ಮುಂಚೆ ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳೇ ಜಾರಿ ಬಂದವು. ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಎಲ್ಲ ಕಡೆ. ಆಮೇಲಿನ ಮಳೆಗಾಲಗಳಲ್ಲಿ ನಮ್ಮ ಮನೆಯವರು ಮಲಗುತ್ತಾರೆ, ಕಿವಿ ಮಾತ್ರ ಮನೆ ಹಿಂದಿನ ಬರೆಯ (ಗುಡ್ಡದ ಕಡಿದಾದ ಇಳಿಜಾರು) ಕಡೆಗೇ ಇರುತ್ತದೆ. ಸಣ್ಣ ಕಲ್ಲು ಉರುಳಿದರೂ ಎದ್ದು ಟಾರ್ಚ್ ಹಾಕುತ್ತಾರೆ. ಇದಕ್ಕೆ ಯಾವ ವಿಶ್ರಾಂತಿ?

ನೈಟ್‌ಡ್ಯೂಟಿ ಸಿಸ್ಟರ್
ಅಣ್ಣ, ಇದಕ್ಕೆ ಮನೆಮದ್ದು ಹೇಳಲಾರೆ. ಇದು ಬರೀ ದಣಿವಲ್ಲ, ಆಘಾತ. ಅಪಾಯ ಕಳೆದ ಮೇಲೂ ಮೈ ಅದನ್ನು ಕಾಯುತ್ತಲೇ ಇರುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಳೆಗಾಲ ಶುರುವಾಗುವ ಮುಂಚೆಯೇ ಒಮ್ಮೆ ಮಾತಾಡಿಸಿ.

ನಿವೃತ್ತ ಸುಬೇದಾರ್
ಹಟ್ಟಿಹೊಳೆಯವರ ಮಾತು ಓದಿದ ಮೇಲೆ ಬರೆಯಬೇಕು ಅನಿಸಿತು. ನಾನು ಸೈನ್ಯದಲ್ಲಿದ್ದವನು. ಗಡಿ ಪೋಸ್ಟ್‌ನಲ್ಲಿ ಚಳಿ, ಗಾಳಿ, ಮಲಗುವ ಜಾಗವೂ ಇಕ್ಕಟ್ಟು. ಆದರೂ ಅಲ್ಲಿ ಬಂದಂಥ ನಿದ್ದೆ ಮನೆಯ ಮಂಚದ ಮೇಲೆ ಎಷ್ಟೋ ಸಲ ಬಂದಿಲ್ಲ. ಕಾರಣ ಸರಳ. ಕಾವಲಿಗೆ ಇನ್ನೊಬ್ಬ ನಿಂತಿದ್ದಾನೆ, ನನ್ನ ಸರದಿ ಬಂದಾಗ ಅವನೇ ಎಬ್ಬಿಸುತ್ತಾನೆ ಅಂತ ಗೊತ್ತಿತ್ತು. ಆ ಹೊತ್ತು ನನ್ನದಲ್ಲ, ಅವನದು.

ಇಲ್ಲಿ ಎಲ್ಲರ ಕಷ್ಟದಲ್ಲೂ ನನಗೆ ಕಾಣುವುದು ಇದೇ. ಹೋಂಸ್ಟೇ ತಾಯಿ ಮಲಗಿದ್ದಾಗಲೂ ಗೇಟಿನ ಸದ್ದು ಅವರದ್ದೇ ಜವಾಬ್ದಾರಿ. ಹಬ್ಬದ ಒಲೆ ಅವ್ವನದ್ದೇ. ಬರೆ ಕಾಯುವುದು ಮನೆಯವರೇ. ಅಮ್ಮ ಮೂಟೆ ಹಾಕಿ ಬಂದ ಮೇಲೆ ಸೌದೆಯೂ ಅವಳದ್ದೇ. ಬದಲಿಗೆ ನಿಲ್ಲುವವರು ಇಲ್ಲದೆ ಏಳಲ್ಲ, ಎಪ್ಪತ್ತು ಬಗೆ ವಿಶ್ರಾಂತಿ ಇದ್ದರೂ ಸಿಗುವುದಿಲ್ಲ. ಆದ್ದರಿಂದ ಕಕ್ಕಬ್ಬೆಯವರೇ, "ನಾನು ಹೇಗೆ ವಿಶ್ರಾಂತಿ ತೆಗೆದುಕೊಳ್ಳಲಿ" ಅಂತ ಕೇಳುವ ಮುಂಚೆ "ನನ್ನ ಬದಲಿಗೆ ಯಾರು ನಿಲ್ಲುತ್ತಾರೆ" ಅಂತ ಮನೆಯವರನ್ನು ಕೇಳಿ.

ನಾಪೋಕ್ಲು ಅಕ್ಕ
ಸುಬೇದಾರ್ ಸರ್, ಇದನ್ನು ಪ್ರಿಂಟ್ ತೆಗೆದು ನಮ್ಮ ಮನೆಯ ಗಂಡಸರಿಗೆ ಕೊಡುತ್ತೇನೆ.

ಕುಶಾಲನಗರ ಹುಡುಗಿ
ನನಗೆ ಮನಸ್ಸು ಭಾರವಾದಾಗ ಬೈಲಕುಪ್ಪೆಯ ಟಿಬೆಟನ್ ಬೌದ್ಧ ಮಠವಾದ ಗೋಲ್ಡನ್ ಟೆಂಪಲ್‌ಗೆ ಹೋಗಿ ಕೂರುತ್ತೇನೆ. ಕೊಡಗಿನಲ್ಲಿ ಅಷ್ಟು ಶಾಂತ ಜಾಗ ಇನ್ನೊಂದಿಲ್ಲ. ಲಾಮಾಗಳು ಒಟ್ಟಿಗೆ ಮಂತ್ರ ಹೇಳುವಾಗ ಅರ್ಥ ಗೊತ್ತಾಗದಿದ್ದರೂ ಸಮಾಧಾನ.

ಶನಿವಾರಸಂತೆ
ಬೈಲಕುಪ್ಪೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಕುಶಾಲನಗರಕ್ಕೆ ಹತ್ತಿರ ಅಷ್ಟೇ.

ಅರೆಭಾಷೆ ಮನೆ
ಶಾಂತ ಜಾಗ ಬೇಕಾದರೆ ಅಷ್ಟು ದೂರ ಯಾಕೆ? ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ನಿಮ್ಮ ಊರಿನ ಹತ್ತಿರವೂ ಒಂದು ಇದ್ದೇ ಇರುತ್ತದೆ. ಮರ ಕಡಿಯಬಾರದು, ಬೇಟೆ ಆಡಬಾರದು ಅನ್ನುವ ಕಟ್ಟುಪಾಡು ಇರುವುದರಿಂದ ಮಾತೂ ತಾನಾಗಿ ತಗ್ಗುತ್ತದೆ. ಊರಿನ ನಿಯಮ ಕೇಳಿಕೊಂಡು ಹೋಗಿ, ಅಂಚಿನಲ್ಲಿ ಸುಮ್ನೆ ಕೂತು ಬನ್ನಿ.

ವಿರಾಜಪೇಟೆ ಟೆಕ್ಕಿ
ಇದು ಬರೀ ನಂಬಿಕೆಯಲ್ಲ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಅನ್ನುವವರು ಹೋಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಜೋರಾದ ನೋವಿನ ಔಷಧಿಯೂ ಕಡಿಮೆ ಬೇಕಾಯಿತು.

ರೋಬಸ್ಟಾ ರೈತ
ದಿನವಿಡೀ ಮರದ ಕೆಳಗೇ ಇರುವ ನಮಗೆ? ನಾನು ಮರ ನೋಡಿದರೆ ನೆರಳು ಜಾಸ್ತಿಯಾಗಿದೆ, ಕೊಂಬೆ ತೆಗೆಸಬೇಕು, ಮೆಣಸಿನ ಬಳ್ಳಿ ಹಳದಿಯಾಗಿದೆ ಅಂತಲೇ ಲೆಕ್ಕ ಓಡುತ್ತದೆ. ನನ್ನ ತೋಟ ನನಗೆ ವಿಶ್ರಾಂತಿ ಆಗುವುದಿಲ್ಲ.

ಅರೆಭಾಷೆ ಮನೆ
ಅದಕ್ಕೇ ದೇವರಕಾಡು ಅಂದೆ. ಅಲ್ಲಿನ ಮರದಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ.

ಗೋಣಿಕೊಪ್ಪ ಮೇಷ್ಟ್ರು
ಒಳ್ಳೆ ಮಾತು. ಅಲ್ಲಿಗೆ ಹೋಗಲು ಆಗದವರು ಓದಿ. 2016ರಲ್ಲಿ ಫಲಿತಾಂಶ ಬಂದ ಸಮೀಕ್ಷೆಯೊಂದರಲ್ಲಿ ಬ್ರಿಟನ್ನಿನ ಸಂಶೋಧಕರು ಬಿಬಿಸಿ ಮೂಲಕ 134 ದೇಶಗಳ 18,000 ಜನರನ್ನು "ನಿಮಗೆ ಯಾವುದರಿಂದ ಹೆಚ್ಚು ವಿಶ್ರಾಂತಿ" ಅಂತ ಕೇಳಿದ್ದರು. ಮೊದಲು ಬಂದದ್ದು ಓದು. ಆಮೇಲೆ ಪ್ರಕೃತಿಯ ಮಧ್ಯೆ ಇರುವುದು, ಒಬ್ಬರೇ ಇರುವುದು, ಸಂಗೀತ, ಏನೂ ಮಾಡದೆ ಕೂರುವುದು. ಮೇಲಿನ ಸ್ಥಾನ ಎಲ್ಲ ಒಬ್ಬರೇ ಮಾಡುವ ಕೆಲಸಕ್ಕೇ ಸಿಕ್ಕಿದೆ ನೋಡಿ. ನಾಪೋಕ್ಲು ಅಕ್ಕನವರೇ, ಒಲೆಯ ಬಗ್ಗೆ ನೀವು ಹೇಳಿದ್ದನ್ನು ಮನೆಯಲ್ಲಿ ಮಾತಾಡಿದ್ದೇವೆ. ಮುಂದಿನ ಕೈಲ್‌ಪೊಳ್ದ್‌ಗೆ ಪಾತ್ರೆ ತೊಳೆಯುವುದು, ಬಡಿಸುವುದು ನಮ್ಮ ಮನೆಯ ಗಂಡಸರದ್ದು.

ನಾಪೋಕ್ಲು ಅಕ್ಕ
ಸಂತೋಷ ಮೇಷ್ಟ್ರೇ. ಹಂದಿ ಕ್ಲೀನ್ ಮಾಡುವುದನ್ನೂ ಸೇರಿಸಿಕೊಳ್ಳಿ.

ಕಕ್ಕಬ್ಬೆ ಮನೆ
ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಸುಬೇದಾರ್ ಸರ್ ಹೇಳಿದ ಪ್ರಶ್ನೆಯನ್ನು ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಗಂಡ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮಂಗಳವಾರ, ಬುಧವಾರ ಬುಕಿಂಗ್ ತೆಗೆದುಕೊಳ್ಳುವುದು ಬೇಡ ಅಂತ ಅವರೇ ಹೇಳಿದರು. ಶನಿವಾರ ರಾತ್ರಿ ಕ್ಯಾಂಪ್‌ಫೈರ್ ಹತ್ತಿರ ಅತಿಥಿಗಳ ಜೊತೆ ಕೂರುವುದು ಇನ್ನು ಅವರ ಕೆಲಸ. ಆ ಹೊತ್ತಿಗೆ ನಾನು ಒಳಗೆ ಬಾಗಿಲು ಹಾಕಿಕೊಳ್ಳಬಹುದು. ದುಡ್ಡು ಸ್ವಲ್ಪ ಕಡಿಮೆಯಾಗುತ್ತದೆ, ಕೊಯ್ಲಿನ ಕಾಲದಲ್ಲಿ ಇದು ನಡೆಯುತ್ತದಾ ಅನ್ನುವುದೂ ಅನುಮಾನ. ಲೈನ್‌ಮನೆ ತಮ್ಮ, ನಿನ್ನ ಮಾತು ನಮ್ಮ ಮನೆಯಲ್ಲೂ ಚರ್ಚೆಯಾಯಿತು. ನಮ್ಮಲ್ಲಿ ಅಡುಗೆಗೆ ಸಹಾಯಕ್ಕೆ ಬರುವವರಿಗೂ ಆ ಎರಡು ದಿನದಲ್ಲಿ ಒಂದು ದಿನ ಸಂಬಳ ಸಮೇತ ರಜೆ.

ಸಂಜೆಯ ಕಾಫಿ ಬಿಡುವುದು ಮಾತ್ರ ಕಷ್ಟ.

ರೋಬಸ್ಟಾ ರೈತ
ಏಳು ಗಂಟೆಯದನ್ನು ನಾಲ್ಕಕ್ಕೆ ತನ್ನಿ ಮೊದಲು. ಅತಿಥಿಗಳ ಜೊತೆ ಶುಂಠಿ ಬೆಲ್ಲದ ಕಷಾಯ ಕುಡಿಯಿರಿ.

ನೈಟ್‌ಡ್ಯೂಟಿ ಸಿಸ್ಟರ್
ರಕ್ತ ಪರೀಕ್ಷೆ ಮರೆಯಬೇಡಿ ಅಕ್ಕ. ಮಂಗಳವಾರ ಬಿಡುವು ಸಿಕ್ಕಿತಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಹೋಗಿ, ಶುಗರ್ ಕೂಡ ನೋಡಬಹುದು. ಗೊರಕೆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಕಕ್ಕಬ್ಬೆ ಮನೆ
ಗಂಡನನ್ನು ಕೇಳಿದೆ. ಇದೆಯಂತೆ, ಜೋರಾಗಿಯೇ. ಡಾಕ್ಟರ್ ಹತ್ತಿರ ಅದನ್ನೂ ಹೇಳುತ್ತೇನೆ.